ಮರ ಕಟ್ಟುವವರ ಮನೆಯ ಮಾತು

ಪಾನದ ವಿಷಯವಾಗಿ ಬರೆಯುವುದಕ್ಕೆ ನನಗೇನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಮನೆಯಲ್ಲಿ ನಾನು ಬಲ್ಲ ಮೂರು ತಲೆಗಳಿಂದ ಯಾರೂ ಅದನ್ನು ಮುಟ್ಟಿದವರಲ್ಲ. ನಾನಾದರೋ ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ, ಅನಂತರ ಕಾವ್ಯ ಶಾಸ್ತ್ರಗಳನ್ನು ಓದಿ, ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಪಾಠ ಹೇಳಿ ಈಗ ವಿಶ್ರಾಂತನಾಗಿರುವ ಉಪಾಧ್ಯಾಯನು. ಆದರೂ ಈ ವಿಷಯದಲ್ಲಿ ನನ್ನಿಂದ ಒಂದು ಅಪರಾಧವು ನಡೆದುಹೋಗಿದೆ. ಅದನ್ನು ಹೇಳಿಕೊಳ್ಳುವುದಕ್ಕೆ ಅಪರಾಧಿಗಿಂತ ಹೆಚ್ಚಿನ ಅಧಿಕಾರವು ಮತ್ತಾರಿಗಿದ್ದೀತು?

1990ನೆಯ ಇಸವಿಯ ಮಾತು. ನಾನು ಉದ್ಯೋಗಕ್ಕೆ ಸೇರಿ ಒಂದೆರಡು ವರ್ಷವಾಗಿದ್ದಿತು. ಹನೂರಿನ ಕಡೆಯ ಒಂದು ಹಳ್ಳಿಯ ಶಾಲೆ. ಗಾಂಧೀಜಯಂತಿಯ ದಿನ ಮಕ್ಕಳಿಗೆ ಪಾನನಿಷೇಧವನ್ನು ಕುರಿತು ಭಾಷಣ ಮಾಡಬೇಕೆಂದು ಅಪ್ಪಣೆಯಾಯಿತು. ಪ್ರಾಯವು ಚಿಕ್ಕದು, ಪಾಂಡಿತ್ಯವು ಹೊಸದು. ಧರ್ಮಶಾಸ್ತ್ರವು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಎಣಿಸಿರುವುದನ್ನು ಹೇಳಿದೆನು. ಶುಕ್ರಾಚಾರ್ಯರು ಕಚನ ಬೂದಿಯನ್ನು ಮದ್ಯದೊಡನೆ ಅರಿಯದೆ ಕುಡಿದು, ಆಮೇಲೆ ಪಶ್ಚಾತ್ತಾಪಪಟ್ಟು ಬ್ರಾಹ್ಮಣರಿಗೆ ಅದನ್ನು ನಿಷೇಧಿಸಿದ ಕಥೆಯನ್ನೂ ಹೇಳಿದೆನು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಕುಡಿಯುವವನಿಗಿಂತಲೂ ಹೆಂಡವನ್ನು ಇಳಿಸುವವನೇ ಹೆಚ್ಚಿನ ಪಾಪಿ, ಅಂತಹವರ ಮನೆಯ ಅನ್ನವೂ ಕೆಟ್ಟದ್ದು” ಎಂದುಬಿಟ್ಟೆನು. ಮಕ್ಕಳು ಚಪ್ಪಾಳೆ ತಟ್ಟಿದರು. ಐದನೆಯ ತರಗತಿಯ ಒಬ್ಬ ಹುಡುಗನು ಮಾತ್ರ ತಲೆಯನ್ನು ತಗ್ಗಿಸಿಕೊಂಡು ಕುಳಿತಿದ್ದನು.

ಮಾರನೆಯ ದಿನದಿಂದ ಆ ಹುಡುಗನು ಶಾಲೆಗೆ ಬರಲಿಲ್ಲ. ಐದನೆಯ ದಿನದ ಸಂಜೆ ಅವನ ಅಜ್ಜನು ನಾನಿದ್ದ ಮನೆಯ ಬಾಗಿಲಿಗೆ ಬಂದನು. ಅರುವತ್ತೈದರ ಮುದುಕ. ಎದೆಯ ಮೇಲೆಯೂ ಮುಂಗೈಗಳ ಮೇಲೆಯೂ ಮರವನ್ನು ಅಪ್ಪಿ ಹತ್ತಿದ ಗಾಯಗಳ ಹಳೆಯ ಗುರುತುಗಳು. ಕಂಕುಳಲ್ಲಿ ಈಚಲ ಗರಿಯಿಂದ ಹೆಣೆದ ಒಂದು ಚಾಪೆಯ ಸುರುಳಿ. ಒಳಗೆ ಬನ್ನಿ ಎಂದರೂ ಬಾರದೆ ಜಗಲಿಯ ಕೆಳಗೇ ನಿಂತನು.

“ಬುದ್ಧಿ, ಕುಡಿಯಾದು ಕೆಟ್ಟುದ್ದು ಅಂತ ಮಕ್ಕಳಿಗೆ ಯೋಳಿ. ನೂರು ಸಲ ಯೋಳಿ. ನನ್ನ ಮಗನೇ ಸಾರಾಯಿ ಕುಡುದು ಹಾಳಾಗವ್ನೆ, ನಂಗೊತ್ತಿಲ್ವಾ? ಆದ್ರೆ ನಮ್ಮನೇ ಅನ್ನ ಕೆಟ್ಟುದ್ದು ಅಂದ್ರಲ್ಲ, ಆ ಮಗ ನಾಕು ದಿವ್ಸದಿಂದ ಸರ್ಯಾಗಿ ಉಂಡಿಲ್ಲ” ಎಂದನು.

ನನಗೆ ನೆಲವು ಬಿರಿದಂತಾಯಿತು. “ತಪ್ಪಾಯಿತು, ಯಜಮಾನರೇ, ಕುಳಿತುಕೊಳ್ಳಿ” ಎಂದೆನು. ಬಹಳ ಹೇಳಿದಮೇಲೆ ಜಗಲಿಯ ಅಂಚಿನಲ್ಲಿ ಕುಳಿತನು. ಆ ಸಂಜೆಯೂ ಅದರ ಮುಂದಿನ ಅನೇಕ ಸಂಜೆಗಳೂ ಅವನು ಹೇಳಿದ್ದನ್ನು ನಾನು ಶಿಷ್ಯನಂತೆ ಕೇಳಿದೆನು.

ಈಚಲ ಮರವನ್ನು ಕಟ್ಟುವುದು ಒಂದು ವಿದ್ಯೆ. ಸುಳಿಯ ಕೆಳಗೆ ಒಂದು ಪಕ್ಕದ ಗರಿಗಳನ್ನು ಸವರಿ, ಎಳೆಯ ಭಾಗವನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೆತ್ತಿ, ರಸವು ಇಳಿಯಲು ಸಣ್ಣ ಕೊಳವೆಯನ್ನು ನಾಟಿ, ಅದರಡಿಗೆ ಮಡಕೆಯನ್ನು ಕಟ್ಟಬೇಕು. ಕತ್ತಿಯು ಹೆಚ್ಚು ಆಳಕ್ಕೆ ಹೋದರೆ ಮರಕ್ಕೆ ಕೇಡು. ಕೆಲವು ದಿನ ರಸವನ್ನು ತೆಗೆದರೆ ಕೆಲವು ದಿನ ಮರಕ್ಕೆ ವಿಶ್ರಾಂತಿ ಕೊಡಬೇಕು. ಈ ವರ್ಷ ಒಂದು ಪಕ್ಕವಾದರೆ ಮುಂದಿನ ವರ್ಷ ಎದುರುಪಕ್ಕ. ಆ ಕಚ್ಚುಗಳನ್ನು ಎಣಿಸಿ ಮರವು ಎಷ್ಟು ಸಲ ರಸ ಕೊಟ್ಟಿತೆಂದು ಹೇಳಬಹುದಂತೆ. ಮಡಕೆಯೊಳಗೆ ಸುಣ್ಣವನ್ನು ಬಳಿದಿದ್ದರೆ ಅದು ಸಿಹಿಯಾದ ನೀರಾ; ಬಳಿಯದಿದ್ದರೆ ಹೊತ್ತೇರುವಷ್ಟರಲ್ಲಿ ಹುಳಿತು ಹೆಂಡ. ಮರವು ಒಂದೇ, ರಸವೂ ಒಂದೇ. ನಡುವೆ ಇರುವುದು ಒಂದು ಚಿಟಿಕೆ ಸುಣ್ಣ.

ನಮ್ಮ ಸೀಮೆಯ ಇತಿಹಾಸವು ಇಲ್ಲಿ ಸ್ವಲ್ಪ ಬೇಕಾಗುವುದು. ಕೊಳ್ಳೇಗಾಲವೂ ಹನೂರೂ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುವು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಿಯಾಗಿ ದೊರೆತದ್ದು, ಮೈಸೂರು ಸೀಮೆಯದು. ಭಾಷೆ ಒಂದು, ನೆಂಟಸ್ತಿಕೆ ಒಂದು, ಬಿಳಿಗಿರಿರಂಗನ ಜಾತ್ರೆಗೂ ಮಾದೇಶ್ವರನ ಬೆಟ್ಟಕ್ಕೂ ಹೋಗುವ ಜನ ಒಂದು. ಅಬಕಾರಿ ಕಟ್ಟಳೆ ಮಾತ್ರ ಎರಡು. ಮದರಾಸು ಸರ್ಕಾರವು ಮರಕ್ಕೆ ಇಷ್ಟೆಂದು ತೆರಿಗೆಯನ್ನು ಎತ್ತುತ್ತಿದ್ದಿತು. ಅಂಗಡಿಗಳನ್ನು ಹರಾಜು ಹಾಕುತ್ತಿದ್ದಿತು. ಇದೇನೂ ಆಂಗ್ಲರು ತಂದ ಹೊಸ ಪದ್ಧತಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರತ್ಯೇಕವಾದ ಪ್ರಕರಣವಿದೆ. ಶಾಸ್ತ್ರವು ಒಂದು ಕೈಯಿಂದ ತಡೆದುದನ್ನು ಬೊಕ್ಕಸವು ಇನ್ನೊಂದು ಕೈಯಿಂದ ಅಳೆದುಕೊಳ್ಳುವುದು ಅಂದಿನಿಂದಲೂ ನಡೆದುಬಂದಿದೆ.

1937ರಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಪಾನನಿರೋಧ ಶಾಸನವನ್ನು ತಂದಿತು. ಆ ವರ್ಷದ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಅದು ಮೊದಲಾಯಿತು. ಅಮೆರಿಕಾ ದೇಶವು 1920ರಲ್ಲಿ ಆರಂಭಿಸಿದ ನಿರೋಧವನ್ನು ಸಾಕೆಂದು 1933ರಲ್ಲಿ ಕೈಬಿಟ್ಟು ಆಗಿನ್ನೂ ನಾಲ್ಕು ವರ್ಷ. ಸೇಲಂ ನಮಗೆ ನೆರೆಯ ಜಿಲ್ಲೆ. ಹನ್ನೆರಡು ವರ್ಷದ ಹುಡುಗನಾಗಿದ್ದ ನಮ್ಮ ಮುದುಕನಿಗೆ ಆ ಸುದ್ದಿಯು ನೆನಪಿದ್ದಿತು. ಬೊಕ್ಕಸಕ್ಕೆ ಆದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯು ಹುಟ್ಟಿತು. ಯುದ್ಧಕಾಲದಲ್ಲಿ ನಿರೋಧವು ನಿಂತುಹೋಗಿ, 1946ರ ಅನಂತರ ಮತ್ತೆ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬುತ್ತ, 1948ರ ಅಕ್ಟೋಬರ್ 2ರ ಹೊತ್ತಿಗೆ ಪ್ರಾಂತವನ್ನೆಲ್ಲ ವ್ಯಾಪಿಸಿತು.

ಆಗ ಮುದುಕನಿಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿ ಒಂದು ವರ್ಷ. “ಸರ್ಕಾರದವ್ರು ಬಂದು ಮಡ್ಕೆ ಒಡುದ್ರು. ಒಳ್ಳೇದೇ ಮಾಡುದ್ರು ಅಂತ ನಮ್ಮವ್ವನೇ ಅಂದ್ಳು. ಆದ್ರೆ ನಾಳೆ ಏನ್ ಮಾಡ್ತೀಯಾ ಅಂತ ಯಾರೂ ಕೇಳ್ನಿಲ್ಲ” ಎಂದನು. ಕತ್ತಿಯನ್ನು ಸೂರಿಗೆ ಸಿಕ್ಕಿಸಿ, ಅದೇ ಮರದ ಗರಿಗಳನ್ನು ಕೊಯ್ದು ಚಾಪೆ, ಪೊರಕೆಗಳನ್ನು ಮಾಡಿದನು. ರೇಷ್ಮೆಯವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋದನು. ಅವನ ಅಣ್ಣನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಕಾಡಿನಂಚಿನಲ್ಲಿ ಬೆಲ್ಲ, ಜಾಲಿಯ ಚಕ್ಕೆಗಳನ್ನು ಕೊಳೆಹಾಕಿ ಕಳ್ಳಭಟ್ಟಿ ಕಾಯಿಸಿದನು. ಸಿಕ್ಕಿಬಿದ್ದು ಸೆರೆಮನೆಯನ್ನೂ ಕಂಡನು. ಅದನ್ನು ಹೇಳುವಾಗ ಮುದುಕನು ಅಣ್ಣನನ್ನು ಸಮರ್ಥಿಸಲಿಲ್ಲ. “ಅದು ಹೆಂಡ ಅಲ್ಲ ಬುದ್ಧಿ, ವಿಷ” ಎಂದಷ್ಟೆ ಹೇಳಿದನು.

ಆದರೆ ಆ ವರ್ಷಗಳಲ್ಲಿ ಎಷ್ಟೋ ಮನೆಗಳ ಹೆಂಗಸರು ಸಂಜೆಯ ಹೊತ್ತು ನೆಮ್ಮದಿಯಿಂದ ಒಲೆ ಹಚ್ಚಿದರೆಂಬುದನ್ನೂ ಅವನೇ ಒಪ್ಪಿಕೊಂಡನು. ಕೂಲಿಯ ಕಾಸು ಅಂಗಡಿಗೆ ಹೋಗದೆ ರಾಗಿಯಾಗಿ ಮನೆಗೆ ಬರುತ್ತಿದ್ದಿತಂತೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಉಪಾಧ್ಯಾಯನ ಧರ್ಮವಲ್ಲ.

1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಆ ರಾಜ್ಯವು ಪಾನನಿರೋಧವನ್ನು ತೆಗೆದುಹಾಕಿತು. ಬೆಟ್ಟದಾಚೆಯ ತಮಿಳುನಾಡಾದರೋ 1971ರಲ್ಲಿ ತೆರೆದು, 1974ರಲ್ಲಿ ಮುಚ್ಚಿ, 1981ರಲ್ಲಿ ಮತ್ತೆ ತೆರೆಯಿತು. ನಮ್ಮ ಕಡೆಯಲ್ಲಿ ತೆರೆದಾಗ ಮುದುಕನು ಸೂರಿನ ಕತ್ತಿಯನ್ನು ಇಳಿಸಿ ಸಾಣೆ ಹಿಡಿಸಿದನಂತೆ. ಆದರೆ ಪೂರ್ವದಂತೆ ಯಾವುದೂ ಇರಲಿಲ್ಲ. ಹರಾಜಿನಲ್ಲಿ ಕೂಗಿದವರು ದೂರದ ಹಣವಂತರು. ಮರ ಹತ್ತುವವನು ದಿನಗೂಲಿಯವನು. ಕೆಲವು ವರ್ಷಗಳಲ್ಲಿ ಸಾರಾಯಿ ಅಂಗಡಿಗಳ ಮುಂದೆ ಹೆಂಡವನ್ನು ಕೇಳುವವರೇ ಕಡಿಮೆಯಾದರು. ಅವನ ಮಗನು ಮರವನ್ನು ಹತ್ತಲು ಕಲಿಯಲೇ ಇಲ್ಲ. ಸಾರಾಯಿ ಅಂಗಡಿಯ ದಾರಿಯನ್ನು ಕಲಿತನು. “ನಮ್ಮಪ್ಪ ಮಾಡುದ್ದ ನಾನು ಕುಡೀನಿಲ್ಲ. ನಾನು ಮಾಡ್ದೇ ಇರೋದ ನನ್ನ ಮಗ ಕುಡುದ” ಎಂದ ಅವನ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದಮೇಲೆ, ಎಲ್ಲ ಮಕ್ಕಳ ಎದುರಿಗೆ, ನಾನು ಹೇಳಿದ ಮಾತು ತಪ್ಪೆಂದೂ, ಬೆವರಿಳಿಸಿ ದುಡಿದವರ ಅನ್ನವು ಕೆಟ್ಟದ್ದಲ್ಲವೆಂದೂ ಹೇಳಿದೆನು. ಆ ಹುಡುಗನು ಹಿಂದಿನ ಸಾಲಿನಲ್ಲಿ ನಿಂತಿದ್ದನು. ನಡುಹಗಲಿನಲ್ಲಿ ನನ್ನ ಬುತ್ತಿಯಿಂದ ಅವನಿಗೆ ಕೊಟ್ಟು, ಅವನ ಮನೆಯ ರಾಗಿಮುದ್ದೆಯ ಒಂದು ತುತ್ತನ್ನು ನಾನು ಕೇಳಿ ತಿಂದೆನು. ಈ ಸಂಗತಿಯನ್ನು ನಮ್ಮ ಮನೆಯ ಹಿರಿಯರಿಗೆ ಬಹುಕಾಲ ನಾನು ತಿಳಿಸಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಮುದುಕನು ತೀರಿಕೊಂಡು ಬಹಳ ವರ್ಷಗಳಾದುವು. ಹುಡುಗನ ತಂದೆಯೂ ನಡುವಯಸ್ಸಿನಲ್ಲಿಯೇ ಹೋದನು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ನಮ್ಮ ಬೀದಿಯ ತಾಯಂದಿರು ದೇವರಿಗೆ ಕಾಯಿ ಒಡೆದರು. ಆದರೆ ಸಾರಾಯಿಗೆ ಹೋಗುತ್ತಿದ್ದವರಲ್ಲಿ ಅನೇಕರು ಅದಕ್ಕಿಂತ ಬೆಲೆಯುಳ್ಳ ಬ್ರಾಂದಿ, ವಿಸ್ಕಿಗಳ ಅಂಗಡಿಗೆ ತಿರುಗಿದುದನ್ನು ನಾನೇ ಕಂಡೆನು. ಅದೇ 2007ರಲ್ಲಿ ಸರ್ಕಾರವು ದ್ರಾಕ್ಷಿಯ ಬೆಳೆಗಾರರಿಗೆ ಉತ್ತೇಜನವಾಗಲೆಂದು ವೈನ್ ನೀತಿಯನ್ನೂ ಹೊರಡಿಸಿತು.

ಹೋದ ನವರಾತ್ರಿಯಲ್ಲಿ ಆ ಹುಡುಗನು, ಈಗ ನಲವತ್ತೈದರ ಗೃಹಸ್ಥನು, ನನ್ನನ್ನು ನೋಡಲು ಬಂದಿದ್ದನು. ಚಿಕ್ಕಬಳ್ಳಾಪುರದ ಕಡೆ ವೈನಿಗೆ ಹಣ್ಣನ್ನು ಒದಗಿಸುವ ಒಂದು ದ್ರಾಕ್ಷಿ ತೋಟದಲ್ಲಿ ಮೇಲ್ವಿಚಾರಕನಾಗಿದ್ದಾನೆ. ತಾನು ಕುಡಿಯುವುದಿಲ್ಲವೆಂದು ಕೇಳದೆಯೇ ಹೇಳಿದನು. “ಮೇಷ್ಟ್ರೇ, ನಮ್ಮ ತಾತ ಕಟ್ಟಿದ ಮಡಕೆಯನ್ನು ಒಡೆದರು. ನಾನು ಬೆಳೆಸುವ ಬಳ್ಳಿಗೆ ಸಹಾಯಧನ ಕೊಡುತ್ತಾರೆ. ಎರಡೂ ಹುಳಿಯುವ ರಸವೇ ಅಲ್ಲವೆ?” ಎಂದು ನಕ್ಕನು. ನನಗೆ ಉತ್ತರ ಹೊಳೆಯಲಿಲ್ಲ.

ಮಹಾಭಾರತದ ಮೌಸಲಪರ್ವದಲ್ಲಿ ದ್ವಾರಕೆಯ ಪಾನನಿಷೇಧವು ಬರುತ್ತದೆ. ಮದ್ಯವನ್ನು ಮಾಡಿದವನಿಗೆ ಬಂಧುಗಳೊಡನೆ ಶೂಲವೆಂದು ಡಂಗುರ ಹೊಯ್ಸಿದರು. ಜನರು ಹೆದರಿ ಬಿಟ್ಟರು. ಮುಂದೆ ಪ್ರಭಾಸತೀರ್ಥಕ್ಕೆ ಹೋದ ಯಾದವರು ಕಂಠಪೂರ್ತಿ ಕುಡಿದು ಒಬ್ಬರನ್ನೊಬ್ಬರು ಕೊಂದರು. ಭಯವು ಬಾಗಿಲನ್ನು ಮುಚ್ಚಬಲ್ಲುದು, ಮನಸ್ಸನ್ನು ತಿರುಗಿಸಲಾರದು. ನಮ್ಮ ಸಂವಿಧಾನದ 47ನೆಯ ವಿಧಿಯು ಪಾನನಿಷೇಧವನ್ನು ರಾಜ್ಯದ ಗುರಿಯೆಂದು ಹೇಳಿದೆ. ಗುರಿಯು ಒಳ್ಳೆಯದೆಂದೇ ನನ್ನ ನಂಬಿಕೆ. ಆದರೆ ಆ ದಾರಿಯಲ್ಲಿ ಮೊದಲು ಒಡೆಯುವುದು ಬಡವನ ಮಡಕೆಯೇ ಆಗಬಾರದು. ಒಡೆಯಲೇಬೇಕಾದರೆ, ನಾಳೆಯ ಅನ್ನವೇನೆಂದು ಅವನನ್ನು ಕೇಳಿ ಒಡೆಯಬೇಕು.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಮಕ್ಕಳಿಗೆ ಮದ್ಯದ ಕೇಡನ್ನು ತಪ್ಪದೆ ಹೇಳಿರಿ. ಹೇಳುವ ಮುಂಚೆ, ಕೇಳುತ್ತ ಕುಳಿತಿರುವ ಮಗುವು ಯಾರ ಮನೆಯದೆಂದು ಒಮ್ಮೆ ನೋಡಿಕೊಳ್ಳಿರಿ. ಅಂದು ಮುದುಕನು ತಂದ ಚಾಪೆಯು ನಮ್ಮ ಮನೆಯಲ್ಲಿ ಇಂದಿಗೂ ಇದೆ. ಅಂಚು ಸವೆದಿದೆ, ನಡುವೆ ಗಟ್ಟಿಯಾಗಿದೆ. ಮಧ್ಯಾಹ್ನದ ಹೊತ್ತು ಅದರ ಮೇಲೆಯೇ ಕುಳಿತು ಓದುತ್ತೇನೆ.