ನಾಲೆ ಮತ್ತು ನೀರು

ನೀವು ಕ್ಯಾಥೊಲಿಕರಲ್ಲದಿದ್ದರೂ ಎರಡು ಕನ್ನಡ ಪದ ಕಲಿತಿಟ್ಟುಕೊಳ್ಳಿ: ಬಲಿಪೂಜೆ, ಪರಮಪ್ರಸಾದ. ನೀವು ಮಾಸ್, ಕಮ್ಯುನಿಯನ್ ಅಂತೀರಲ್ಲ, ಅವೇ. ನಮ್ಮಪ್ಪ ಪರಮಪ್ರಸಾದ ತಗೊಂಡು ಹನ್ನೊಂದು ವರ್ಷ ಆಯ್ತು.

ಕಾರಣ ಹೇಳ್ತೀನಿ. ಮಂಡ್ಯದ ಹತ್ತಿರದ ನಮ್ಮೂರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಗ, ಮನೆಗೆ ಪರಮಪ್ರಸಾದ ತಂದುಕೊಡಿ ಅಂತ ಕೇಳಲು ಅಪ್ಪ ಮೂರು ಸಲ ಫಾದರ್ ಹತ್ತಿರ ಹೋದರು. ಪ್ರತಿ ಸಲವೂ "ನಾಳೆ ನೋಡೋಣ". ಅಜ್ಜಿ ಕಾಯುತ್ತಲೇ ತೀರಿಕೊಂಡರು. ಆ ಫಾದರ್ ವರ್ಗವಾಗಿ ಹೋದರು. ಅಪ್ಪ ಈಗಲೂ ಭಾನುವಾರ ಕೊನೆಯ ಬೆಂಚಲ್ಲಿ ಕೂರ್ತಾರೆ, ಪ್ರಸಾದದ ಸಾಲಿಗೆ ಮಾತ್ರ ಏಳಲ್ಲ. "ಆ ಕೈಗಳ ಮೇಲೆ ನಂಬಿಕೆ ಹೋಯ್ತು" ಅಂತಾರೆ.

ನನ್ನ ವೃತ್ತಿಯೂ ಅಪ್ಪನ ಲೆಕ್ಕವನ್ನೇ ಒಪ್ಪುತ್ತೆ: ಹಾಕಿದ ಡೇಟಾ ಕೆಟ್ಟಿದ್ದರೆ ಬರೋ ಉತ್ತರವೂ ಕೆಟ್ಟದ್ದೇ. ಆದರೆ ಧರ್ಮಸಭೆಯ ಲೆಕ್ಕ ಬೇರೆ. ಬಲಿಪೂಜೆಯಲ್ಲಿ ಗುರು ರೊಟ್ಟಿ ಹಿಡಿದು ಏನು ಹೇಳ್ತಾರೆ ಗಮನಿಸಿ. "ಯೇಸುವಿನ ಶರೀರ" ಅನ್ನಲ್ಲ, "ನನ್ನ ಶರೀರ" ಅಂತಾರೆ. ಅಲ್ಲಿ ಮಾತಾಡ್ತಿರೋದು ಯೇಸುವೇ, ಗುರು ಬಾಯಿ ಕೊಟ್ಟಿರುತ್ತಾರೆ ಅಷ್ಟೇ. ರೊಟ್ಟಿ, ದ್ರಾಕ್ಷಾರಸದ ರುಚಿ ಬಣ್ಣ ಹಾಗೇ ಉಳಿಯುತ್ತೆ, ಒಳಗಿನ ಸತ್ವವೇ ಬದಲಾಗುತ್ತೆ ಅನ್ನೋದು ನಂಬಿಕೆ. ಧರ್ಮಾಧ್ಯಕ್ಷರಿಂದ ಗುರುದೀಕ್ಷೆ ಪಡೆದವರಿಗೆ ಮಾತ್ರ ಈ ಅಧಿಕಾರ.

ಆ ಗುರು ಪಾಪಿಯಾಗಿದ್ದರೆ? ಉತ್ತರ ಆಫ್ರಿಕಾದಲ್ಲಿ ಇದೇ ಜಗಳ ದೊಡ್ಡದಾಗಿ ನಡೆದಿತ್ತು. 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನ್ ಅದಕ್ಕೊಂದು ಹೋಲಿಕೆ ಕೊಟ್ಟರು: ಕಲ್ಲಿನ ಕಾಲುವೆಯಲ್ಲಿ ಏನೂ ಬೆಳೆಯದಿರಬಹುದು, ಆದರೆ ಅದರ ಮೂಲಕ ಹರಿದ ನೀರು ತೋಟವನ್ನು ಬೆಳೆಸುತ್ತೆ. 1547ರಲ್ಲಿ ಟ್ರೆಂಟ್ ಮಹಾಸಭೆ ಇದನ್ನೇ ಅಧಿಕೃತವಾಗಿ ಹೇಳಿತು: ಗುರುವಿನ ಪಾಪದಿಂದ ಸಂಸ್ಕಾರ ಸುಳ್ಳಾಗಲ್ಲ.

ಓದಿ ಖುಷಿಯಾಗಿ ಮ್ಯೂನಿಕ್‌ನಿಂದ ಅಪ್ಪನಿಗೆ ಫೋನ್ ಮಾಡಿದೆ. ನಾಲೆ ನೀರು ನಂಬಿ ಭತ್ತ ಬೆಳೆದವರು, ಇದು ಅವರಿಗೆ ನಾಟುತ್ತೆ ಅಂದುಕೊಂಡೆ. ಪೂರ್ತಿ ಕೇಳಿ ಹೇಳಿದರು: "ನೀರು ಕೆಟ್ಟಿತ್ತು ಅಂತ ನಾನ್ಯಾವತ್ತು ಅಂದೆ ಮಗಾ? ನಿಮ್ಮಜ್ಜಿ ಗದ್ದೆಗೆ ನೀರೇ ಬಿಡಲಿಲ್ಲವಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಗುರುವಿಲ್ಲದೆ ಪರಮಪ್ರಸಾದವಿಲ್ಲ ಅನ್ನೋ ನಂಬಿಕೆಯಿಂದಲೇ, ಗುರು ಬಾರದೆ ಹೋದರೆ ಆಗೋ ನಷ್ಟವೂ ಅಷ್ಟು ದೊಡ್ಡದು. ಟ್ರೆಂಟ್ ಸಭೆಯ ಮಾತು ಸಂಸ್ಕಾರಕ್ಕೆ ಭರವಸೆ, ಸೋಮಾರಿ ಗುರುವಿಗೆ ರಕ್ಷಣೆಯಲ್ಲ.

ಇಲ್ಲಿನ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ, ನಿವೃತ್ತ ಟೀಚರ್ ಒಬ್ಬರು ಗುರುಗಳಿಂದ ಪರಮಪ್ರಸಾದವನ್ನು ಪುಟ್ಟ ಡಬ್ಬಿಯಲ್ಲಿ ತಗೊಂಡು, ಕಾಯಿಲೆಯವರ ಮನೆಗಳಿಗೆ ಹೋಗ್ತಾರೆ. ಪ್ರಸಾದವನ್ನು ಪವಿತ್ರಗೊಳಿಸೋದು ಗುರುವೇ, ಆದರೆ ಒಯ್ಯಲು ನಮ್ಮಂಥವರನ್ನು ನೇಮಿಸಬಹುದು. ಜಗದ್ಗುರು ಆರನೇ ಪೌಲರ ಕಾಲದಲ್ಲಿ, 1973ರಲ್ಲೇ, ರೋಮ್ ಇದಕ್ಕೆ ದಾರಿ ಮಾಡಿಕೊಟ್ಟಿದೆ.

ಮುಂದಿನ ಫೋನಿನಲ್ಲಿ ಇದನ್ನೂ ಹೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಹಾಗಾದ್ರೆ ಅವತ್ತು ನಾನೇ ತರಬಹುದಿತ್ತಾ?"

"ನೇಮಿಸಿದ್ದರೆ ತರಬಹುದಿತ್ತು ಅಪ್ಪ" ಅಂದೆ. "ಈಗಲೂ ಕೇಳಿ ನೋಡಬಹುದು. ಆದರೆ ಮೊದಲು ನೀವು ತಗೋಬೇಕು."