ವಾಲ್ಪರೈಸೋದಲ್ಲಿ ನಾವಿಬ್ಬರು

ದಕ್ಷಿಣ ಅಮೆರಿಕವೆಂದರೆ ನನ್ನ ಮಟ್ಟಿಗೆ ಶಾಲೆಯ ಭೂಪಟದ ತುದಿಯಲ್ಲಿ ಜೋತುಬಿದ್ದಿದ್ದ ಒಂದು ಖಂಡ, ಅಷ್ಟೆ. ಅಲ್ಲಿಗೆ ಹೋಗುವ ಯೋಗ 2019ರ ಜನವರಿಯಲ್ಲಿ ಒದಗಿಬಂತು. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಗೆಳತಿಯ ಯಜಮಾನರು ತೀರಿಕೊಂಡ ಮೇಲೆ ಮಗಳು, "ಅಮ್ಮಾ, ಮನೆ ಮಾರಿ ಇಲ್ಲಿಗೇ ಬಂದುಬಿಡು" ಎಂದು ಹಟ ಹಿಡಿದಿದ್ದಳು. ಮಗಳಿಗೆ ಕೆಲಸ ಚಿಲಿ ದೇಶದ ಬಂದರು ನಗರ ವಾಲ್ಪರೈಸೋದಲ್ಲಿ. "ಮಾರುವ ಮೊದಲು ಒಮ್ಮೆ ನೋಡಿ ಬರುವ, ನೀನೂ ಬಾ ಮಾರಾಯ್ತಿ" ಎಂದಳು ಗೆಳತಿ. ಹೊರಟೆವು.

ರಾಜಧಾನಿ ಸಾಂತಿಯಾಗೊದಿಂದ ಬಸ್ಸಿನಲ್ಲಿ ಸುಮಾರು 120 ಕಿ.ಮೀ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಮನೆಯ ಬೀಗದ ಕೈ, ವಿಳಾಸ ಬರೆದ ಒಂದು ಚೀಟಿ, ಇಷ್ಟು ಹಿಡಿದು ನಾವಿಬ್ಬರೂ ಊರು ನೋಡಲು ಹೊರಟೆವು.

ಮೊದಲ ದಿನ ದಿಕ್ಕೇ ತಿಳಿಯಲಿಲ್ಲ. ಮುಂಬಯಿಯವರಿಗಾಗಲಿ ಕರಾವಳಿಯವರಿಗಾಗಲಿ ಕಡಲೆಂದರೆ ಪಡುವಣ. ಇಲ್ಲಿಯ ಕೊಲ್ಲಿ ಉತ್ತರಕ್ಕೆ ಬಾಯ್ದೆರೆದಿದೆ. ನಡುಹಗಲ ಸೂರ್ಯನೂ ಉತ್ತರದಲ್ಲೇ! ಸಾಲದ್ದಕ್ಕೆ ಜನವರಿ ಅವರಿಗೆ ಬೇಸಿಗೆ, ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. "ದೇವರಿಗೆ ದೀಪ ಎಷ್ಟು ಗಂಟೆಗೆ ಹಚ್ಚುವುದು ಹಾಗಾದರೆ?" ಎಂದು ಗೆಳತಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಡಲ ಅಂಚಿನಲ್ಲಿ ಒಂದು ಪಟ್ಟಿಯಷ್ಟು ಸಮತಟ್ಟು ನೆಲ. ಉಳಿದದ್ದೆಲ್ಲ ಗುಡ್ಡ, ನಲವತ್ತಕ್ಕೂ ಹೆಚ್ಚು. ಗುಡ್ಡಗಳ ತುಂಬ ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು, ಹಲವಕ್ಕೆ ಗೋಡೆಯ ಹೊರಮೈಗೂ ತಗಡಿನ ಶೀಟು. ಅಟ್ಲಾಂಟಿಕ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಹಡಗುಗಳು ಖಂಡದ ತುದಿಯನ್ನು ಸುತ್ತಿ ಬಂದು ಇಲ್ಲಿ ತಂಗುತ್ತಿದ್ದ ಕಾಲದಲ್ಲಿ ಊರು ಮೆರೆಯಿತಂತೆ. 1906ರಲ್ಲಿ ಭೂಕಂಪ ಕೆಡವಿತು. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ಹಡಗುಗಳೇ ದಾರಿ ಬದಲಿಸಿದವು. 2003ರಲ್ಲಿ ಯುನೆಸ್ಕೊ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದ ಮಾತ್ರಕ್ಕೆ ಎಲ್ಲವೂ ಚೆಂದವಿದೆ ಎಂದಲ್ಲ; ಬೀದಿನಾಯಿಗಳೂ ಕುಸಿದ ಮನೆಗಳೂ ಧಾರಾಳವಾಗಿವೆ.

ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದೇನೆಂಬ ನನ್ನ ಹೆಮ್ಮೆ ಅಲ್ಲಿ ಮೂರು ಕಾಸಿಗೂ ಬರಲಿಲ್ಲ. ಎಲ್ಲವೂ ಸ್ಪಾನಿಷ್. ದಾರಿ ಕೇಳಿದರೆ ಎಡ ಬಲ ಹೇಳುವವರಿಗಿಂತ "ಅರ್ರೀಬಾ", "ಅಬಾಹೊ" ಎನ್ನುವವರೇ ಹೆಚ್ಚು, ಮೇಲೆ, ಕೆಳಗೆ. ಗೆಳತಿ ಅವೆರಡನ್ನು ನನಗಿಂತ ಬೇಗ ಹಿಡಿದಳು. ದಾರಿ ತಪ್ಪಿದರೆ ಅಬಾಹೊ ಇಳಿಯುತ್ತಾ ಹೋಗುವುದು, ಕಡಲು ಸಿಕ್ಕೇ ಸಿಗುತ್ತದೆ.

ಅವಳ ಮಂಡಿನೋವಿಗೆ ಮದ್ದಾಗಿ ಒದಗಿದ್ದು ಅಲ್ಲಿಯ ಅಸೆನ್ಸೋರ್. ಗುಡ್ಡದ ಓರೆಗೆ ಹಾಸಿದ ಹಳಿಗಳ ಮೇಲೆ ಎರಡು ಪುಟ್ಟ ಡಬ್ಬಿಗಳು, ಹಗ್ಗಕ್ಕೆ ಕಟ್ಟಿದ ಬಾವಿಯ ಕೊಡಗಳಂತೆ: ಒಂದು ಮೇಲೇರಿದರೆ ಇನ್ನೊಂದು ಇಳಿಯುತ್ತದೆ. ಊರಿನ ಮೊದಲನೆಯದು 1883ರದು. ನಾವಿದ್ದ ಬರೋನ್ ಗುಡ್ಡದ್ದು 1906ರದು; ವಿದ್ಯುತ್ ಮೋಟಾರಿನಿಂದ ನಡೆದ ಮೊದಲನೆಯದು ಅದೇ ಎನ್ನುತ್ತಾರೆ. ಕಿರುಗುಟ್ಟುತ್ತಾ ಏರುವ ಆ ಡಬ್ಬಿಯಲ್ಲಿ ಮೊದಲ ಸಲ ಅವಳು ನನ್ನ ಕೈ ಬಿಡಲೇ ಇಲ್ಲ. ಮೂರನೆಯ ದಿನ ಕಿಟಕಿಯ ಪಕ್ಕದ ಜಾಗಕ್ಕೆ ನನಗಿಂತ ಮುಂದೆ ಓಡಿದಳು.

ಕವಿ ನೆರೂದನ ಮನೆ ಲಾ ಸೆಬಾಸ್ತಿಯಾನಾವನ್ನೂ ನೋಡಿದೆವು. 1971ರ ನೊಬೆಲ್ ಪಡೆದವನು, ಹರೆಯದಲ್ಲಿ ಕೊಲಂಬೊದಲ್ಲಿ ಚಿಲಿಯ ಕಾನ್ಸುಲ್ ಆಗಿದ್ದವನು ಎಂದೆಲ್ಲ ನಾನು ವಿವರಿಸುತ್ತಿದ್ದರೆ ಇವಳು ಕಡಲು ಕಾಣುವ ಅವನ ಕಿಟಕಿಯೆದುರು ನಿಂತು, "ಇಷ್ಟು ದೊಡ್ಡ ಗಾಜು ಒರೆಸುವವರು ಯಾರು?" ಎಂದಳು.

ನಿಮ್ಮಲ್ಲೂ ಹಲವರು ನಾಳೆ ಅಮ್ಮನನ್ನು ಹೀಗೆ ದೂರದ ಊರಿಗೆ ಕರೆಸಿಕೊಳ್ಳುವವರೇ. ಕೋಣೆ, ಹಾಸಿಗೆ, ಔಷಧಿ, ಇಂಟರ್ನೆಟ್ಟಿನಲ್ಲಿ ಕನ್ನಡ ಧಾರಾವಾಹಿ, ಎಲ್ಲ ಅಣಿಮಾಡುತ್ತೀರಿ. ಅಲ್ಲಿ ಅಮ್ಮ ಒಬ್ಬಳೇ ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬಲ್ಲಳೇ ಎಂದು ಮಾತ್ರ ಯೋಚಿಸುವುದಿಲ್ಲ. ನನ್ನ ಗೆಳತಿ ಬಾಯಿಬಿಟ್ಟು ಹೇಳದಿದ್ದರೂ ನೋಡಲು ಬಂದದ್ದು ಅದನ್ನೇ.

ಗುಡ್ಡದ ಬುಡದ ಅರ್ಜೆಂಟೀನಾ ರಸ್ತೆಯಲ್ಲಿ ಬುಧವಾರ, ಶನಿವಾರ ಸಂತೆ. ಬುಧವಾರ ಇಬ್ಬರೂ ಹೋಗಿ ಕೈಸನ್ನೆಯಲ್ಲೇ ಟೊಮೆಟೊ, ಬೆಣ್ಣೆಹಣ್ಣು ಕೊಂಡೆವು. ಬೇಯಿಸಿದ ಗೋಧಿಯನ್ನೂ ಒಣಗಿದ ಪೀಚ್ ಹಣ್ಣನ್ನೂ ಸಿಹಿನೀರಿನಲ್ಲಿ ಹಾಕಿ ಲೋಟದಲ್ಲಿ ಕೊಡುವ ತಣ್ಣನೆಯ ಪಾನಕವನ್ನು, "ಇದು ಏಲಕ್ಕಿ ಮರೆತ ಗೋಧಿ ಪಾಯಸ" ಎಂದು ಇವಳು ಎರಡು ಲೋಟ ಕುಡಿದಳು.

ಶನಿವಾರ, "ನೀನು ಮನೆಯಲ್ಲೇ ಇರು" ಎಂದು ಚೀಲ ಹಿಡಿದು ಒಬ್ಬಳೇ ಹೊರಟಳು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಮಗಳು ಕಿಟಕಿಗೂ ಬಾಗಿಲಿಗೂ ತಿರುಗಾಡುತ್ತಾ, "ನೀವಾದರೂ ಜೊತೆಗೆ ಹೋಗಬಾರದಿತ್ತೇ ಆಂಟಿ" ಎಂದಳು. ಇಬ್ಬರೂ ಅಸೆನ್ಸೋರಿನ ಬಾಗಿಲಿಗೆ ಹೋಗಿ ನಿಂತೆವು. ಎರಡು ಡಬ್ಬಿ ಖಾಲಿ ಬಂದವು. ಮೂರನೆಯದರಿಂದ ಇಳಿದಳು, ಚೀಲದ ಬಾಯಲ್ಲಿ ಕೊತ್ತಂಬರಿ ಸೊಪ್ಪು.

"ಸೊಪ್ಪಿನವಳು ನನ್ನನ್ನು ಕಾಸೇರಿತಾ ಅಂದಳು. ಬೈದದ್ದಾ?" ಎಂದು ಮಗಳನ್ನು ಕೇಳಿದಳು.

"ಇಲ್ಲಮ್ಮ, ಯಾವಾಗಲೂ ಬರುವ ಗಿರಾಕಿಗೆ ಹಾಗೆ ಕರೆಯುತ್ತಾರೆ."

"ಓ, ವರ್ತನೆಯವರು" ಎಂದಳು ಗೆಳತಿ. ಮೊದಲ ಸಲ ಬಂದವರನ್ನೂ ಅಲ್ಲಿ ಹಾಗೆಯೇ ಕರೆಯುತ್ತಾರೆಂದು ಮಗಳು ನನಗೆ ಆಮೇಲೆ ಹೇಳಿದಳು. ಅವಳ ಅಮ್ಮನಿಗೆ ನಾವಿಬ್ಬರೂ ಹೇಳಲಿಲ್ಲ.