ಯಾವ ಬೀದಿಯ ಅಮ್ಮ?

ಮಾರ್ಚ್ 29, 2025, ಶನಿವಾರ, ಅಮಾವಾಸ್ಯೆ

ನಾಳೆ ಯುಗಾದಿ. ಬೆಳಗ್ಗಿನಿಂದ ಕೂರಲು ಪುರುಸೊತ್ತಿಲ್ಲ. ಹರಳೆಣ್ಣೆ, ಸೀಗೆಪುಡಿ, ಅರಿಶಿನದ ಕೊಂಬು, ಪಂಚಾಂಗ. ಇವತ್ತು ಸೂರ್ಯಗ್ರಹಣವಂತೆ. ನಮ್ಮ ದೇಶದಲ್ಲಿ ಕಾಣುವುದೇ ಇಲ್ಲ, ಆದರೂ ಉಪ್ಪಿನಕಾಯಿ ಜಾಡಿಗೆ ಹಾಕಲು ದರ್ಭೆ ಕೇಳಿಕೊಂಡು ಬಂದವರಿದ್ದರು. ಕೊಟ್ಟೆ. ಗ್ರಂಧಿಗೆ ಅಂಗಡಿಯಲ್ಲಿ ಕೂತವರು ಗಿರಾಕಿಯ ನಂಬಿಕೆಯನ್ನು ತೂಗಬಾರದು, ಸಾಮಾನು ಮಾತ್ರ ತೂಗಬೇಕು ಎಂದು ಮಾವನವರು ಹೇಳುತ್ತಿದ್ದರು.

ಸಂಜೆ ಒಬ್ಬ ಹುಡುಗಿ ಬಂದಳು. ಇಪ್ಪತ್ತೈದು ಇಪ್ಪತ್ತಾರು ಇರಬಹುದು, ಹೆಗಲಿಗೆ ಆಫೀಸಿನ ಬ್ಯಾಗು. ಫೋನಿನಲ್ಲಿದ್ದ ಪಟ್ಟಿ ಓದಿದಳು: ಲಾವಂಚ, ಜಟಾಮಾಂಸಿ, ಬಜೆ, ಲೋಬಾನ, ಕಲ್ಲುಪ್ಪು. "ಯಾವ ಹೋಮಕ್ಕಮ್ಮ?" ಅಂದೆ. "ಹೋಮ ಅಲ್ಲ ಆಂಟಿ. ನಾನು ವಿಕ್ಕನ್." ಊರು ಹಾಸನದ ಕಡೆ, ಜಯನಗರದಲ್ಲಿ ಬಾಡಿಗೆ ಮನೆ. ಒಬ್ಬ ದೇವಿ, ಕೊಂಬಿರುವ ಒಬ್ಬ ದೇವರು, ಚಂದ್ರನ ಲೆಕ್ಕ, ಋತುವಿಗೊಂದು ಹಬ್ಬ, ಗಿಡಮೂಲಿಕೆ. ಯಾರಿಗೂ ಕೇಡಾಗದಂತೆ ನಿನಗೆ ಬೇಕಾದ್ದು ಮಾಡಿಕೋ ಎಂಬುದೇ ಅವರ ಕಟ್ಟಳೆಯಂತೆ.

ಅಷ್ಟರಲ್ಲಿ ನಮ್ಮ ಅಂಗಡಿ ಹುಡುಗ ಅಮಾವಾಸ್ಯೆಯ ಬೂದುಗುಂಬಳ ತಂದ. ತಲೆ ಕೊರೆದು, ಒಳಗೆ ಕುಂಕುಮ ಮತ್ತು ಒಂದೆರಡು ನಾಣ್ಯ ಹಾಕಿ, ಮೇಲೆ ಕರ್ಪೂರ ಹಚ್ಚಿ, ಬಾಗಿಲಿಗೆ ಮೂರು ಸುತ್ತು ನಿವಾಳಿಸಿ ರಸ್ತೆಗೆ ಅಪ್ಪಳಿಸಿದ. ಆಮೇಲೆ ಹೋಳುಗಳನ್ನು ಕಾಲಿನಿಂದಲೇ ಮೋರಿಯ ಬದಿಗೆ ತಳ್ಳಿದ, ಬೈಕಿನವರು ಜಾರಬಾರದೆಂದು. ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು. "ಇದು ಬ್ಯಾನಿಶಿಂಗ್ ರಿಚುವಲ್ ಅಲ್ವಾ?" "ಇಲ್ಲಕ್ಕ, ದೃಷ್ಟಿ" ಎಂದು ಅವನು ಕೈ ತೊಳೆಯಲು ಹೋದ.

ಮಾರ್ಚ್ 30, ಭಾನುವಾರ, ವಿಶ್ವಾವಸು ಸಂವತ್ಸರದ ಯುಗಾದಿ

ಬೇವು ಬೆಲ್ಲ, ಒಬ್ಬಟ್ಟು, ಮಧ್ಯಾಹ್ನ ನಿದ್ದೆ. ರಾತ್ರಿ ಮಗನ ಲ್ಯಾಪ್‌ಟಾಪ್ ತೆಗೆದು ಆ ಹುಡುಗಿಯ ಮತದ ಬಗ್ಗೆ ಓದಿದೆ.

ಸಾವಿರಾರು ವರ್ಷದ್ದು ಅಂದುಕೊಂಡಿದ್ದರೆ, ಇದಕ್ಕೆ ನನ್ನ ಅಮ್ಮನಿಗಿಂತ ಕಡಿಮೆ ವಯಸ್ಸು. ಜೆರಾಲ್ಡ್ ಗಾರ್ಡ್‌ನರ್ ಎಂಬ ಇಂಗ್ಲಿಷಿನವನು ಹರೆಯದಲ್ಲೇ ಸಿಲೋನಿನ ಚಹಾ ತೋಟಕ್ಕೆ ಬಂದು, ಆಮೇಲೆ ಮಲಯಾದಲ್ಲಿ ರಬ್ಬರು, ಸುಂಕದ ಕಚೇರಿ ಎಂದು ದುಡಿದು, ನಿವೃತ್ತನಾಗಿ ಊರಿಗೆ ಮರಳಿದ. ಬ್ರಿಟನ್ನಿನ ಹಳೆಯ ಮಾಟದ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ ಪುಸ್ತಕ ಬಂತು: ಕ್ರೈಸ್ತ ಮತಕ್ಕೂ ಹಿಂದಿನ ಒಂದು ಧರ್ಮ ಗುಟ್ಟಾಗಿ ಉಳಿದುಕೊಂಡಿದೆ, ನಾನು ಅದರಲ್ಲಿ ಸೇರಿದ್ದೇನೆ ಎಂದು. ಆ ವಾದಕ್ಕೆ ತಳಹದಿ ಹಾಕಿದ್ದು ಮಾರ್ಗರೆಟ್ ಮರ್ರೆ ಎಂಬ ವಿದುಷಿಯ 1921ರ ಪುಸ್ತಕ. ಆಕೆ ಹುಟ್ಟಿದ್ದು ಕಲ್ಕತ್ತೆಯಲ್ಲಿ! ಮುಂದೆ ಚರಿತ್ರಕಾರರು ಆ ವಾದವನ್ನು ಒಪ್ಪಲಿಲ್ಲ. ರೊನಾಲ್ಡ್ ಹಟನ್ 1999ರಲ್ಲಿ ಇಡೀ ಕಥೆಯನ್ನು ಬಿಡಿಸಿಟ್ಟು, ಇದು ಹೊಸಗಾಲದಲ್ಲಿ ಕಟ್ಟಿದ ಧರ್ಮವೇ ಎಂದು ತೋರಿಸಿದರು. ಹಾಗೆಂದು ಯಾರೂ ಬಿಟ್ಟು ಹೋಗಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮನ್ನು ಪೇಗನ್ ಎಂದೂ, ಸುಮಾರು 13,000 ಜನ ವಿಕ್ಕ ಎಂದೂ ಬರೆಸಿದ್ದಾರೆ.

ಅವರಿಗೆ ವರ್ಷಕ್ಕೆ ಎಂಟು ಹಬ್ಬ, ಎಲ್ಲ ಸೂರ್ಯನ ಲೆಕ್ಕ. ಗವೀಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಆ ಹುಡುಗಿಗೆ ತೋರಿಸಬೇಕು. ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಕಲ್ಲಿನ ಗೋರಿಯೊಳಕ್ಕೂ ಚಳಿಗಾಲದ ಅತಿ ಚಿಕ್ಕ ಹಗಲಿನ ಬೆಳಗ್ಗೆ ಹೀಗೇ ಬಿಸಿಲು ನುಗ್ಗುತ್ತದಂತೆ. ಕಟ್ಟಿ ಐದು ಸಾವಿರ ವರ್ಷ ಆಗಿದೆ.

ಏಪ್ರಿಲ್ 4, ಶುಕ್ರವಾರ

ಧರ್ಮರಾಯನ ಗುಡಿಯಲ್ಲಿ ಇವತ್ತು ದ್ರೌಪದಿಯ ಕರಗದ ಹಬ್ಬಕ್ಕೆ ಧ್ವಜಾರೋಹಣ. ತಿಗಳರಪೇಟೆಯ ನಮ್ಮ ಹಳೇ ಗಿರಾಕಿ ಸಾಂಬ್ರಾಣಿ, ಅರಿಶಿನ ಒಯ್ದರು. ಅವರ ಮನೆಯ ಗಂಡಸರು ಕರಗದ ಜೊತೆ ಕತ್ತಿ ಹಿಡಿದು ನಡೆಯುವ ವೀರಕುಮಾರರು. ಇನ್ನು ಹುಣ್ಣಿಮೆ ಕಳೆಯುವ ತನಕ ವ್ರತ.

ಹುಡುಗಿ ಮತ್ತೆ ಬಂದಿದ್ದಳು. ಬಾಲ್ಕನಿಯಲ್ಲಿ ಕಲ್ಲುಪ್ಪಿನಿಂದ ವೃತ್ತ ಬರೆದ ಫೋಟೋ ತೋರಿಸಿದಳು. ಪೂಜೆಗೆ ಮೊದಲು ವೃತ್ತ ಹಾಕಿ ನಾಲ್ಕು ದಿಕ್ಕನ್ನೂ ಕರೆಯಬೇಕು: ಮೂಡಲಿಗೆ ಗಾಳಿ, ತೆಂಕಲಿಗೆ ಬೆಂಕಿ, ಪಡುವಲಿಗೆ ನೀರು, ಬಡಗಲಿಗೆ ಮಣ್ಣು. ಮುಗಿದ ಮೇಲೆ ಕರೆದವರನ್ನೆಲ್ಲ ಕಳಿಸಿಕೊಟ್ಟು ವೃತ್ತ ಬಿಚ್ಚಿಬಿಡಬೇಕು. ಉಪ್ಪನ್ನು ಏನು ಮಾಡ್ತೀಯ ಅಂದೆ. ಗುಡಿಸಿ ಹಾಕ್ತೀನಿ ಅಂದಳು.

ನೀನು ಈಗ ನಿಂತಿರುವುದೂ ಅಂಥದೇ ವೃತ್ತದ ಒಳಗೆ ಎಂದೆ. 1537ರಲ್ಲಿ ಬೆಂಗಳೂರು ಕಟ್ಟುವಾಗ ಕೆಂಪೇಗೌಡರು ಈಗಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕೂಡುವ ಕಡೆ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೂ ಹೊಡೆಸಿದರಂತೆ. ನೇಗಿಲ ಗೆರೆಯೇ ಬೀದಿ ಆಯಿತು. ಸುತ್ತ ಕೋಟೆ ಎದ್ದಿತು. ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ಕಡೆಗೆ ಬಾಗಿಲು. ಬಾಗಿಲು ನಿಲ್ಲದೆ ಬೀಳುತ್ತಿತ್ತು, ಬಲಿ ಬೇಕೆಂದರು, ಆಗ ಗೌಡರ ಬಸುರಿ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ತನ್ನ ಕತ್ತನ್ನು ತಾನೇ ಕೊಯ್ದುಕೊಂಡಳು ಎಂದು ಕಥೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ.

ಹುಡುಗಿ ತುಸು ಹೊತ್ತು ಸುಮ್ಮನಿದ್ದಳು. "ನನ್ನ ವೃತ್ತಕ್ಕೆ ಉಪ್ಪು ಸಾಕು ಆಂಟಿ" ಅಂದಳು. ಎದುರುತ್ತರ ತೋಚಲಿಲ್ಲ.

ಏಪ್ರಿಲ್ 10, ಗುರುವಾರ

ಹಸಿ ಕರಗ. ಸಂಪಂಗಿ ಕೆರೆಯ ಅಂಗಳಕ್ಕೆ ಹೋಗಿ ಕರಗ ತರುವ ದಿನ. ಕೆರೆ ಎಲ್ಲಿದೆ? ಕಂಠೀರವ ಕ್ರೀಡಾಂಗಣ ಎದ್ದಿದೆ. ಮೂಲೆಯಲ್ಲಿ ಒಂದು ಚಿಕ್ಕ ಕೊಳ ಉಳಿಸಿದ್ದಾರೆ, ಈ ಆಚರಣೆಯ ಪುಣ್ಯದಿಂದ. ಊರದೇವತೆ ಅಣ್ಣಮ್ಮ ಕೂತಿದ್ದ ಧರ್ಮಾಂಬುಧಿ ಕೆರೆಯೂ ಹಾಗೇ, ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾಗಿದೆ. ಹೂವು ತರಕಾರಿ ಬೆಳೆದು ಊರಿಗೆ ಕೊಟ್ಟ ವಹ್ನಿಕುಲದ ತಿಗಳರು ನೀರು ಹೋದ ಮೇಲೂ ನೀರಿನ ಜಾಗ ಮರೆತಿಲ್ಲ. ನಕಾಶೆಯಲ್ಲಿ ಅಳಿಸಿದ್ದನ್ನು ಕಾಲು ನೆನಪಿಟ್ಟುಕೊಂಡಿದೆ.

ಪಕ್ಕದ ಮಂಡಿಗೆ ಇವತ್ತು ರಾಗಿ ಲಾರಿ ಬಂತು. ತೂಕ ಎಲ್ಲ ಎಲೆಕ್ಟ್ರಾನಿಕ್. ಮಾವನವರು ಸೇರಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಮೊದಲ ಸೇರಿಗೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು, ಆಮೇಲೆ "ಎರಡು". ನಾನು ಈಗಲೂ ಕರ್ಪೂರದ ಡಬ್ಬಿ ಎಣಿಸುವಾಗ ಬಾಯಲ್ಲಿ "ಲಾಭ" ಬಂದುಬಿಡುತ್ತದೆ. ಇದನ್ನು ಮಂತ್ರ ಅನ್ನಬೇಕೋ ಅಭ್ಯಾಸ ಅನ್ನಬೇಕೋ, ಆ ಹುಡುಗಿಯನ್ನೇ ಕೇಳಬೇಕು.

ಏಪ್ರಿಲ್ 13, ಭಾನುವಾರ

ಕಣ್ಣೆಲ್ಲ ಉರಿ. ನಿನ್ನೆ ಚೈತ್ರ ಹುಣ್ಣಿಮೆ, ರಾತ್ರಿಯೆಲ್ಲ ಕರಗ. ಹುಡುಗಿಯನ್ನೂ ಕರೆದುಕೊಂಡು ಹೋದೆ. ಮಧ್ಯರಾತ್ರಿ ದಾಟಿ ಎಷ್ಟೋ ಹೊತ್ತಿನ ಮೇಲೆ "ಗೋವಿಂದಾ, ಗೋವಿಂದಾ" ಎಂಬ ಕೂಗು ಅಲೆಯಂತೆ ಬಂತು. ಬಿಚ್ಚುಗತ್ತಿ ಹಿಡಿದ ವೀರಕುಮಾರರು, ನಡುವೆ ಪೂಜಾರಿ: ಅರಿಶಿನ ಬಣ್ಣದ ಸೀರೆ, ಕೈತುಂಬ ಬಳೆ, ಕಣ್ಣಿಗೆ ಕಾಡಿಗೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ, ಅದಕ್ಕೆ ಕೈಯ ಆಸರೆ ಇಲ್ಲ. ತಾಳಿಯನ್ನು ಹೆಂಡತಿ ಬಿಚ್ಚಿ ಕೊಟ್ಟಿರುತ್ತಾಳೆ. ಕರಗ ಮುಗಿಯುವ ತನಕ ಆಕೆ ಅವನ ಕಣ್ಣಿಗೆ ಬೀಳುವಂತಿಲ್ಲ.

ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ತನ್ನ ಮೈಯಿಂದಲೇ ವೀರಕುಮಾರರನ್ನು ಹುಟ್ಟಿಸಿದಳು. ಯುದ್ಧ ಮುಗಿದು ಅವಳು ಹೊರಟಾಗ ಅವರು ಬಿಡಲಿಲ್ಲ. ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಮಾತು ಕೊಟ್ಟಳು. ಹುಡುಗಿಗೆ ಇಷ್ಟು ಹೇಳಿದೆ. ಅವರಲ್ಲೂ ಹುಣ್ಣಿಮೆಯ ದಿನ ಪೂಜಾರಿಣಿಯ ಮೈಮೇಲೆ ಚಂದ್ರನನ್ನು ಇಳಿಸಿಕೊಳ್ಳುವ ಆಚರಣೆ ಇದೆಯಂತೆ. ದೇವಿ ಮನುಷ್ಯರ ಮೈಮೇಲೆ ಬರುವುದು ಅವಳಿಗೆ ಹೊಸದಲ್ಲ. ಅವಳು ಬೆರಗಾಗಿದ್ದು ಬೇರೆಯದಕ್ಕೆ: ಈ ದೇವಿ ಕೂತಲ್ಲಿ ಕೂರುವುದಿಲ್ಲ, ಬೆಳಗಿನ ತನಕ ಪೇಟೆಯ ಬೀದಿ ಬೀದಿ ನಡೆಯುತ್ತಾಳೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದ ಮುಂದೆಯೂ ನಿಂತು ಮುಂದೆ ಹೋಗುತ್ತಾಳೆ. "ಇಲ್ಲಿ ಸರ್ಕಲ್ಲೇ ನಡೀತಾ ಇದೆ ಆಂಟಿ" ಅಂದಳು. ನನಗೆ ಅದು ಸರಿ ಅನ್ನಿಸಿತು. ಹಳೇ ಕೋಟೆ ಬಿದ್ದು ಎಷ್ಟೋ ಕಾಲವಾಯಿತು. ವರ್ಷಕ್ಕೊಮ್ಮೆ ಒಬ್ಬ ಗಂಡಸು ಹೆಣ್ಣಾಗಿ ಅದರ ಒಳಗನ್ನು ಸುತ್ತಿ ಬರುತ್ತಾನೆ.

ಏಪ್ರಿಲ್ 21, ಸೋಮವಾರ

ವ್ಯಾಪಾರ ತಣ್ಣಗಿದೆ. ಹುಡುಗಿ ಟೀ ಕುಡಿಯುತ್ತ ಕೂತಿದ್ದಳು. "ನಾನು ವಿಚ್ ಅಂತ ಧೈರ್ಯವಾಗಿ ಹೇಳ್ಕೋತೀನಿ" ಅಂದಳು. ಅವಳ ಬಾಯಲ್ಲಿ ಅದು ಬಿರುದು. ನಮ್ಮ ಊರುಗಳಲ್ಲಿ ಮಾಟಗಾತಿ ಎಂದು ಯಾವ ಹೆಂಗಸೂ ತನ್ನನ್ನು ಕರೆದುಕೊಂಡಿಲ್ಲ, ಬೇರೆಯವರು ಕರೆದಿದ್ದಾರೆ. ದನ ಸತ್ತರೆ, ಮಗುವಿಗೆ ಜ್ವರ ಬಂದರೆ, ಜಮೀನಿನ ವ್ಯಾಜ್ಯವಿದ್ದರೆ, ಒಂಟಿ ಹೆಂಗಸಿನ ಕಡೆ ಬೆರಳು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರಲ್ಲಿ ಆಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಮನೆ, ಗುಡಿಗಳ ಪೂಜೆ, ಪ್ರದಕ್ಷಿಣೆ, ಯಾತ್ರೆಗೆ ಅದರ ತಂಟೆ ಇಲ್ಲ; ನಿಧಿಯ ಆಸೆಗೆ ವಾಮಾಚಾರ, ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಇಂಥವು ಅಪರಾಧ. ಇಷ್ಟು ತಡವಾಗಿ ಯಾಕೆ ಬಂತು ಎಂದು ಅವಳು ಕೇಳಿದಳು. ನನಗೇನು ಗೊತ್ತು.

ಅವಳು ಹೋದ ಮೇಲೆ ನನ್ನ ವಿಷಯ ಯೋಚಿಸಿದೆ. ನಾನೂ ಒಂಟಿ ಹೆಂಗಸೇ. ನಮ್ಮವರು ಹೋದ ಮೇಲೆ ಅಂಗಡಿಯ ಬೀಗದ ಕೈ ನನ್ನ ಕೈಗೆ ಬಂತು, ಆರತಿ ತಟ್ಟೆ ಕೈಬಿಟ್ಟಿತು. ಇಡೀ ಪೇಟೆಗೆ ಅರಿಶಿನ ಕುಂಕುಮ ತೂಗಿ ಕೊಡುವವಳು ನಾನು. ಶುಕ್ರವಾರ ನಾದಿನಿಯ ಮನೆಯಲ್ಲಿ ಕುಂಕುಮದ ಬಟ್ಟಲು ನನ್ನನ್ನು ದಾಟಿ ಮುಂದೆ ಹೋಗುತ್ತದೆ. ಆ ಹುಡುಗಿಯ ಉಪ್ಪಿನ ವೃತ್ತದಲ್ಲಿ ತಾಳಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಅವಳು ಯಾಕೆ ಅಲ್ಲಿಗೆ ಹೋದಳು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ನನಗೆ ಅರ್ಥವಾಗುತ್ತದೆ. ಆದರೆ ಆ ವೃತ್ತದಲ್ಲಿ ಇರುವುದು ಅವಳೊಬ್ಬಳೇ. ಜ್ವರ ಬಂದು ಮಲಗಿದರೆ ಗಂಜಿ ತರುವವರು ವೃತ್ತದ ಹೊರಗಿನಿಂದಲೇ ಬರಬೇಕು. ನಮ್ಮದು ಬೀದಿಯ ದೇವರು. ಸಾಂತ್ವನವೂ ಬೀದಿಯದೇ, ಚುಚ್ಚುಮಾತೂ ಬೀದಿಯದೇ.

1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಜನ ಮನೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳ ಕಡೆಗೆ ಹೋದರು. ಹೋದಲ್ಲೆಲ್ಲ ಪ್ಲೇಗ್ ಮಾರಮ್ಮನನ್ನು ಕೂರಿಸಿದರು. ರೋಗದ ಹೆಸರೇ ಅಮ್ಮನಿಗೆ. ಎಲ್ಲೆ ಸರಿದರೆ ಅಲ್ಲಿಗೊಬ್ಬ ಹೊಸ ಅಮ್ಮ ಬರುತ್ತಾಳೆ ಎಂದಾಯಿತು. ಹಾಗಿದ್ದರೆ ಕಟ್ಟಳೆಯೂ ಸರಿಯಲೇಬೇಕಲ್ಲ.

ಏಪ್ರಿಲ್ 30, ಬುಧವಾರ, ಅಕ್ಷಯ ತದಿಗೆ, ಬಸವ ಜಯಂತಿ

ಹುಡುಗಿಗೆ ನಾಳೆ ಬೆಲ್ಟೇನ್ ಹಬ್ಬ, ಬೆಂಕಿ ಹಾಕಿ ಬೇಸಿಗೆಯನ್ನು ಬರಮಾಡಿಕೊಳ್ಳುವುದು. "ಬೆಂಗಳೂರಲ್ಲಿ ಬೇಸಿಗೆ ಬಂದು ಎರಡು ತಿಂಗಳಾಯ್ತಲ್ಲಮ್ಮ" ಅಂದೆ. ನಕ್ಕು, ಅದಕ್ಕೇ ಮೇಣದ ಬತ್ತಿಯಲ್ಲೇ ಮುಗಿಸ್ತೀನಿ ಅಂದಳು.

ಆಗಲೇ ನಮ್ಮ ಬೀದಿಯ ಅಣ್ಣಮ್ಮನ ಉತ್ಸವದ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು. ವೈಶಾಖದಲ್ಲಿ ಮೆಜೆಸ್ಟಿಕ್‌ನಿಂದ ಅಮ್ಮನ ಉತ್ಸವಮೂರ್ತಿ ಕರೆತಂದು ಕೂರಿಸುತ್ತಾರೆ. ಬೇವಿನ ಸೊಪ್ಪು, ಮೊಸರನ್ನ, ತಂಬಿಟ್ಟಿನ ಆರತಿ, ಕೊನೆಯ ರಾತ್ರಿ ಆರ್ಕೆಸ್ಟ್ರಾ. ನಾನು ಎಂದಿನಂತೆ ಚಂದಾ ಕೊಟ್ಟೆ. ಹುಡುಗಿಯೂ ಪರ್ಸು ತೆಗೆದಳು.

"ಯಾವ ಬೀದಿ ಅಕ್ಕ?"

"ಜಯನಗರ."

"ಅಯ್ಯೋ, ಅಲ್ಲಿ ನಿಮ್ಮಮ್ಮ ಬೇರೆ ಇರ್ತಾಳೆ. ಅಲ್ಲಿಗೆ ಕೊಡಿ. ಊರು ಯಾವುದು?"

"ಹಾಸನ."

"ಹಾಸನಾಂಬೆನ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ!"

ನಿನ್ನ ಧರ್ಮ ಯಾವುದು, ನಂಬುತ್ತೀಯಾ ಇಲ್ಲವಾ, ಒಂದೂ ಕೇಳಲಿಲ್ಲ. ಬೀದಿ, ಊರು ಮಾತ್ರ ಕೇಳಿದ. ಅವಳಿಗೆ ತಾನಿರುವ ರಸ್ತೆಯ ಅಮ್ಮ ಯಾರೆಂದು ಗೊತ್ತಿಲ್ಲ. ಹಾಸನಾಂಬೆ ಹುತ್ತದ ರೂಪದಲ್ಲಿದ್ದಾಳೆ, ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆಗೆಯುತ್ತಾರೆ ಎಂಬುದು ಗೊತ್ತು. ಅವಳ ಹೆತ್ತಮ್ಮ ಕರೆಯುತ್ತಲೇ ಇರುತ್ತಾರೆ, ರಜೆ ಸಿಕ್ಕಿಲ್ಲ.

"ನಮ್ಮ ಅಂಗಡಿ ವಿಳಾಸವೇ ಹಾಕಪ್ಪ" ಅಂದೆ. ಹುಡುಗ ತಲೆ ಕೆರೆದುಕೊಂಡ, ಹಾಕಿದ.

"ಆರತಿ ಎಷ್ಟು ತಟ್ಟೆ ಬರ್ಕೊಳ್ಳಲಿ ಅಕ್ಕ?"

"ಎರಡು. ಅವಳದೊಂದು, ನನ್ನದೊಂದು."

ತಲೆಯೆತ್ತದೆ ಬರೆದುಕೊಂಡು ಮುಂದಿನ ಅಂಗಡಿಗೆ ಹೋದ.

ತಂಬಿಟ್ಟಿಗೆ ಅಕ್ಕಿ ಹುರಿದು ಬೀಸಬೇಕು, ಹುರಿಗಡಲೆ ಮನೆಯಲ್ಲಿದೆ, ಬೆಲ್ಲ ಪಕ್ಕದ ಮಂಡಿಯಿಂದ ತರಿಸಬೇಕು. ಪಾಕ ಹದ ನೋಡುವುದನ್ನು ಅವಳಿಗೆ ಭಾನುವಾರ ಹೇಳಿಕೊಡುತ್ತೇನೆ. ನಾದಿನಿ ಏನಾದರೂ ಅನ್ನದೆ ಇರುವುದಿಲ್ಲ. ಅಂದರೆ ತೋರಿಸಲು ರಸೀದಿ ಇದೆ.